ಪೋಕರ್ ಮೇಜಿಗಿಳಿದ ಹದ್ದು

ಟಿಕೆಟ್ ಇಲ್ಲದೆ ರೈಲು ಹತ್ತಿದವನ ಎದೆಬಡಿತ ಪಕ್ಕದ ಬೋಗಿಗೂ ಕೇಳಿಸುತ್ತದೆ ಎಂದು ನಂಬಿದ್ದ ಮನುಷ್ಯ ಅವನು. ಹಾಗೆ ಕೇಳಿಸುವುದು ತನ್ನೊಬ್ಬನ ಕಿವಿಗೆ ಮಾತ್ರ ಎಂದೂ ನಂಬಿದ್ದ. ಟಿಕೆಟ್ ತಪಾಸಣೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೊತೆಯವರು ಗೇಲಿ ಮಾಡಲೆಂದು ಹದ್ದು ಎಂದು ಕರೆದರು. ಅವನು ಆ ಗೇಲಿಯನ್ನು ಬಿರುದಿನಂತೆ ಎತ್ತಿಕೊಂಡು ಎದೆಗೆ ಸಿಕ್ಕಿಸಿಕೊಂಡ. ಗೇಲಿ ಮಾಡಿದವರು ಕೊನೆಗೆ ಬೇಸತ್ತು ಸುಮ್ಮನಾದರು, ಹೆಸರು ಉಳಿಯಿತು.

ಹದ್ದು ಬೋಗಿಯೊಳಗೆ ಕಾಲಿಡುವ ರೀತಿಯನ್ನು ನೋಡಬೇಕಿತ್ತು. ದಂಡಯಾತ್ರೆಗೆ ಹೊರಟ ಅರಸರೂ ಅಷ್ಟು ಇಸ್ತ್ರಿ ಮಾಡಿದ ಬಟ್ಟೆ ಹಾಕುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ಉದ್ದಕ್ಕೂ ಕಣ್ಣು ಹಾಯಿಸಿದರೆ ಮುಗಿಯಿತು, ತೀರ್ಪು ಬರೆದಾಯಿತು. ಕಿಟಕಿಯ ಹೊರಗೆ ನೋಡುವವನದು ಅವಧಿ ಮೀರಿದ ಪಾಸು. ಗೊರಕೆ ಹೊಡೆಯುವವನದು ಕಡಿಮೆ ದರ್ಜೆಯ ಟಿಕೆಟ್. ಮೇಲಿನ ಫ್ಯಾನನ್ನೋ ಛಾವಣಿಯನ್ನೋ ನೋಡುವವನ ಹತ್ತಿರ ಏನೂ ಇಲ್ಲ. ಹತ್ತರಲ್ಲಿ ಏಳು ಸಲ ಈ ಶಾಸ್ತ್ರ ನಿಜವಾಗುತ್ತಿತ್ತು. ಉಳಿದ ಮೂರನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಶಾಸ್ತ್ರ ಪೂರ್ತಿ ನಿಜವಾಗಿಯೇ ಉಳಿದಿತ್ತು.

ಮನೆಯಲ್ಲಿದ್ದದ್ದು ಇಬ್ಬರೇ. ಅವನು ಮತ್ತು ಅವನ ಅಕ್ಕ. ಅಪ್ಪ ಅಮ್ಮ ಬೇಗ ತೀರಿಕೊಂಡಾಗ ಅಕ್ಕ ಇವನ ಕೈಹಿಡಿದು ಶಾಲೆಗೆ ಬಿಟ್ಟು, ತಾನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸಕ್ಕೆ ಸೇರಿದಳು. ಈಗ ಅವಳಿಗೆ ಐವತ್ತಾರು. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ. ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಊದುತ್ತಿದ್ದಳು, ತಮ್ಮ ಚಪ್ಪಲಿ ಹಾಕಿಕೊಂಡು ಒಳಗೆ ಬಂದರೂ ಊದುತ್ತಿದ್ದಳು. ಮದುವೆ ಇಬ್ಬರಿಗೂ ಆಗಿರಲಿಲ್ಲ. ಅವನಿಗೆ ಯಾರ ಮುಖ ನೋಡಿದರೂ ಮೂರು ನಿಮಿಷದಲ್ಲಿ ಒಂದು ಕುಂದು ಓದಲು ಸಿಗುತ್ತಿತ್ತು. ಅವಳಿಗೆ ಮೊದಲು ತಮ್ಮನನ್ನು ಸಾಕುವ ಕೆಲಸವಿತ್ತು; ಅವನು ಬೆಳೆದ ಮೇಲೂ ಸಾಕುವುದು ನಿಲ್ಲಲಿಲ್ಲ. ಅವನೂ ಸಾಕಿಸಿಕೊಳ್ಳುವುದರಲ್ಲಿ ಎತ್ತಿದ ಕೈ.

ಇಂಥ ಮನೆಯೊಳಗೆ ಲಿಫ್ಟಿನವರು ಬಂದರು.

ಈಜುಕೊಳದ ಕಟ್ಟಡದಲ್ಲಿ ಒಂದು ಹಳೆಯ ಲಿಫ್ಟ್ ಇತ್ತು. ಒಂದು ದಿನ ಅದು ಅಕ್ಕನನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಅಕ್ಕ ಬಾಗಿಲು ಗುದ್ದಿ, ಕೂಗಿ, ಕೊನೆಗೆ ಸೀಟಿ ಊದತೊಡಗಿದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ನಿಧಾನದ ದನಿ ಬಂತು: “ಊದಬೇಡಿ ಮೇಡಂ, ಹಗ್ಗದ ಸದ್ದು ಕೇಳಿಸ್ತಿಲ್ಲ.” ಅಕ್ಕನಿಗೆ ಜೀವಮಾನದಲ್ಲಿ ಊದಬೇಡಿ ಎಂದವರಿರಲಿಲ್ಲ. ಆ ದನಿಯ ಒಡೆಯರು ಲಿಫ್ಟ್ ರಿಪೇರಿ ಮಾಡುವವರು, ಹೆಂಡತಿಯನ್ನು ಕಳೆದುಕೊಂಡವರು, ಅಕ್ಕನಿಗಿಂತ ಎರಡು ವರ್ಷ ದೊಡ್ಡವರು. ಮುಂದೆ ಆ ಲಿಫ್ಟು ಪದೇಪದೇ ಕೆಡತೊಡಗಿತು. ಅದರಲ್ಲಿ ಲಿಫ್ಟಿನ ತಪ್ಪೆಷ್ಟು ಎಂಬುದನ್ನು ಯಾರೂ ವಿಚಾರಿಸಲಿಲ್ಲ.

ಅವರು ಚಹಾಕ್ಕೆಂದು ಮನೆಗೆ ಬಂದ ದಿನ ಹದ್ದು ಸಮವಸ್ತ್ರದಲ್ಲೇ ಕೂತಿದ್ದ. ರಜೆಯ ದಿನ ಸಮವಸ್ತ್ರ ಯಾಕೋ ಎಂದು ಅಕ್ಕ ಕೇಳಿದ್ದಕ್ಕೆ ಬೇರೆ ಬಟ್ಟೆ ಒಣಗಿಲ್ಲ ಎಂದಿದ್ದ. ಲಿಫ್ಟಿನವರು ಒಳಗೆ ಬಂದರು. ಬಂದವರೇ ಛಾವಣಿ ನೋಡಿದರು. ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ಕೂತರು. ಮತ್ತೆ ಛಾವಣಿ ನೋಡಿದರು.

“ಈ ಕೆಲಸದಲ್ಲಿ ತುಂಬ ವರ್ಷ ಆಯ್ತಾ?” ಹದ್ದು ಕೇಳಿದ.

ಲಿಫ್ಟಿನವರು ತಡೆದರು. ನಿಧಾನವಾಗಿ ಒಂದು ಉಸಿರು ಒಳಗೆ ಹೋಗಿ ಹೊರಗೆ ಬಂತು. “ಹೂಂ, ತುಂಬ ವರ್ಷ.”

“ಸ್ವಂತ ಮನೆನಾ?”

ಮತ್ತೆ ಅದೇ ಉಸಿರು. “ಬಾಡಿಗೆ.”

“ಚಹಾಕ್ಕೆ ಸಕ್ಕರೆ ಎಷ್ಟು?” ಅಡುಗೆಮನೆಯಿಂದ ಅಕ್ಕ.

ಉಸಿರು. “ಒಂದು ಚಮಚ.”

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಹದ್ದು ತೀರ್ಪು ಓದಿದ. “ಟಿಕೆಟ್ ಇಲ್ಲ.”

“ಯಾರಿಗೋ?”

“ಆ ಮನುಷ್ಯನಿಗೆ. ಕಣ್ಣು ಕೊಟ್ಟು ಮಾತಾಡಲ್ಲ, ಸೂರು ನೋಡ್ತಾನೆ. ಏನು ಕೇಳಿದರೂ ಥಟ್ ಅಂತ ಉತ್ತರ ಬರಲ್ಲ. ಸುಳ್ಳು ಹೊಲಿಯೋಕೆ ಟೈಮ್ ಬೇಕಲ್ಲಕ್ಕ, ಅದಕ್ಕೆ ಆ ತಡ. ಬೆನ್ನೆಲುಬಿಲ್ಲದ ಆಸಾಮಿ. ಮೂರು ನಿಮಿಷ ಸಾಕು ನನಗೆ.”

“ಮೂರು ನಿಮಿಷದಲ್ಲಿ ಮೊಟ್ಟೆ ಕೂಡ ಬೇಯಲ್ಲ ಕಣೋ.”

“ನನ್ನ ಕಣ್ಣು ತಪ್ಪಿದ್ದು ತೋರಿಸು ನೋಡೋಣ.”

“ನಾವು ಮದುವೆ ಆಗ್ತಿದೀವಿ,” ಎಂದಳು ಅಕ್ಕ ಲೋಟ ತೊಳೆಯುತ್ತಾ. “ಮುಂದಿನ ತಿಂಗಳು. ಸಾಕ್ಷಿಗೆ ನಿನ್ನ ಸಹಿ ಬೇಕು.”

ಹದ್ದಿನ ಕಾಲ ಕೆಳಗಿನ ನೆಲ ಒಂದು ಗೇಣು ಕೆಳಗಿಳಿಯಿತು. ಸಂಜೆ ಮನೆಗೆ ಬಂದರೆ ದೀಪ ತಾನೇ ಹಾಕಬೇಕಾದ ಒಂದು ಮನೆ ಅವನ ಕಣ್ಣಿಗೆ ಕಂಡಿತು. ಅದನ್ನು ಹೇಳುವ ಬದಲು ಅವನು ಮೀಸೆ ತಿರುವಿ, “ಹಾಕಲ್ಲ,” ಎಂದ.

ಅಕ್ಕನಿಗೆ ಕೋಪ ಬರಲಿಲ್ಲ. ಕೋಪಕ್ಕಿಂತ ಅಪಾಯದ ಒಂದು ನಗು ಬಂತು. ಅವಳು ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಪೋಕರ್ ಆಡುತ್ತಿದ್ದಳು. ಹಣವಿಲ್ಲದ ಆಟ, ಗೆದ್ದರೆ ಪರದೆಯ ಮೇಲೆ ಬಣ್ಣದ ಬಿಲ್ಲೆಗಳು ಗುಡ್ಡೆಯಾಗುತ್ತವೆ, ಸೋತರೆ ಕರಗುತ್ತವೆ, ಅಷ್ಟೇ. ಎಲ್ಲೆಲ್ಲಿಯವರೋ ಬಂದು ಕೂರುವ ಆ ಮೇಜಿನಲ್ಲಿ ಅವಳ ಹೆಸರಿಗೆ ಒಳ್ಳೆಯ ಭಯವಿತ್ತು.

“ಒಂದು ಮಾತು ಕೇಳು,” ಎಂದಳು. “ಮುಂದಿನ ಭಾನುವಾರ ಮಧ್ಯಾಹ್ನ ನನ್ನ ಜಾಗದಲ್ಲಿ ನೀನು ಕೂತ್ಕೋ. ಅದೇ ಮೇಜಲ್ಲಿ ಅವರೂ ಕೂತಿರ್ತಾರೆ. ಹೆಸರು ಬೇರೆ ಇರುತ್ತೆ. ಯಾರು ಅಂತ ನಾನೂ ಹೇಳಲ್ಲ, ಅವರೂ ಹೇಳಲ್ಲ. ಕಂಡುಹಿಡಿ. ಹಿಡಿದರೆ ನಿನ್ನ ಕಣ್ಣಿಗೆ ಮರ್ಯಾದೆ ಕೊಟ್ಟು ಮದುವೇನ ಒಂದು ವರ್ಷ ಮುಂದಕ್ಕೆ ಹಾಕ್ತೀನಿ.”

“ಒಂದು ವರ್ಷ?”

“ಒಂದು ವರ್ಷ. ಹಿಡೀದೆ ಹೋದರೆ ಬಾಯಿ ಮುಚ್ಕೊಂಡು ಸಹಿ. ಆದರೆ ಸಂಜೆವರೆಗೂ ಎಳೆಯೋ ಹಾಗಿಲ್ಲ. ಕಡ್ಡಾಯದ ಬಿಲ್ಲೆ ಮೊದಲ ಸಲ ದುಪ್ಪಟ್ಟಾಗೋದರೊಳಗೆ ಹೇಳಬೇಕು. ಮೂರು ನಿಮಿಷದ ಶೂರ ನೀನು, ಅಷ್ಟು ಸಾಕು ತಾನೇ?”

ಹದ್ದು ಗಹಗಹಿಸಿ ನಕ್ಕು ಒಪ್ಪಿದ. ಮನುಷ್ಯ ಒಂದು ವಿಷಯದ ಗಂಧಗಾಳಿ ಇಲ್ಲದಿದ್ದಾಗ ಮಾತ್ರ ನಗಬಹುದಾದ ನಗು ಅದು.

ಮರುದಿನ ಅಕ್ಕ ಆಟ ಕಲಿಸಲು ಕೂರಿಸಿದಳು. ಎದುರಾಳಿಗೆ ಆಯುಧ ಕೊಡದೆ ಯುದ್ಧ ಮಾಡುವ ಬುದ್ಧಿ ಅವಳದಲ್ಲ. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಸಿಗುತ್ತವೆ. ನಡುವೆ ಐದು ಎಲೆ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಳ್ಳುತ್ತವೆ. ಒಂದೊಂದು ಹಂತದಲ್ಲೂ ಬಿಲ್ಲೆ ಕಟ್ಟಿ ಮುಂದುವರಿಯಬೇಕು, ಇಲ್ಲವೇ ಏರಿಸಬೇಕು, ಇಲ್ಲವೇ ಎಲೆ ಬಿಟ್ಟು ಸುಮ್ಮನಿರಬೇಕು. ಆಟ ನಿಲ್ಲದಿರಲೆಂದು ಸರದಿಯಲ್ಲಿ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯದ ಬಿಲ್ಲೆ ಇಡಬೇಕು; ಹೊತ್ತು ಕಳೆದಂತೆ ಅದು ದುಪ್ಪಟ್ಟಾಗುತ್ತಾ ಹೋಗುತ್ತದೆ. ಎಲ್ಲವನ್ನೂ ಕೇಳಿಕೊಂಡ ಹದ್ದು ಪರದೆಯ ಮೇಲೆ ಬಗ್ಗಿ ಹುಡುಕಾಡಿದ.

“ಏನೋ ಹುಡುಕ್ತಿದೀಯ?”

“ಮುಖ ಎಲ್ಲಿ?”

“ಮುಖ ಇಲ್ಲ.”

“ಇದೇನು, ನರಿ ಚಿತ್ರ ಇದೆ?”

“ಅವರು ಹಾಕ್ಕೊಂಡ ಚಿತ್ರ ಅದು. ಆ ನರಿ ಯಾವುದೋ ಅಜ್ಜಿ ಇರಬಹುದು.”

ಹದ್ದಿನ ಮುಖ ಹರಳೆಣ್ಣೆ ಕುಡಿದಂತಾಯಿತು. ಬೆವರಿಲ್ಲ, ಕಣ್ಣಿಲ್ಲ, ಗಂಟಲು ನುಂಗುವುದಿಲ್ಲ. ಜೀವಮಾನವಿಡೀ ಮಸೆದ ಕತ್ತಿಯನ್ನು ಹಿಡಿದು ರಣರಂಗಕ್ಕೆ ಬಂದರೆ ಅಲ್ಲಿ ಕತ್ತಲೆ. ಆ ದಿನ ಕೊಟ್ಟ ಬಿಲ್ಲೆಗಳೆಲ್ಲ ಚಹಾ ಆರುವುದರೊಳಗೆ ಖಾಲಿಯಾದವು. ನರಿ ಎರಡು ಸಲ ಅವನನ್ನು ನುಂಗಿ ನೀರು ಕುಡಿಯಿತು.

ಬೇರೆಯವರಾದರೆ ಬಾಲ ಮುದುರಿಕೊಂಡು ಎದ್ದುಬಿಡುತ್ತಿದ್ದರು. ಹದ್ದಿನಲ್ಲಿ ಕುಂದುಗಳು ಬೇಕಾದಷ್ಟಿದ್ದವು, ಆದರೆ ಹಿಡಿದದ್ದನ್ನು ಬಿಡುವ ಕುಂದು ಇರಲಿಲ್ಲ. ಕೆಲಸ ಮುಗಿಸಿ ಬಂದವನೇ ಷೂ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಸೀಟಿ ಬಿದ್ದ ಮೇಲೆ ಷೂ ಬಿಚ್ಚಿ ಮತ್ತೆ ಕೂರುತ್ತಿದ್ದ. ರೈಲಿನಲ್ಲಿ ನಿಂತು, ಊಟದ ಡಬ್ಬಿ ತೆರೆದಿಟ್ಟುಕೊಂಡು, ಅದನ್ನೇ ಯೋಚಿಸುತ್ತಿದ್ದ. ಆ ವಾರ ಅವನ ಬೋಗಿಗಳಲ್ಲಿ ಛಾವಣಿ ನೋಡಿದವರೆಲ್ಲ ನಿಶ್ಚಿಂತೆಯಿಂದ ಊರು ಸೇರಿದರು.

ವಾರದ ನಡುವೆ ಒಂದು ಬೆಳಕು ಹರಿಯಿತು. ಪ್ರತಿ ಆಟದ ಕೊನೆಗೆ ಇಬ್ಬರು ಉಳಿದರೆ ಎಲೆ ತೆರೆದು ತೋರಿಸಲೇಬೇಕು. ಅದೇ ಟಿಕೆಟ್! ಇಷ್ಟು ದಿನ ಅವನು ಆ ಎಲೆಗಳಲ್ಲಿ ಗೆದ್ದವರು ಯಾರೆಂದಷ್ಟೇ ನೋಡುತ್ತಿದ್ದ. ಈಗ ಹಿಂದಕ್ಕೆ ಓದತೊಡಗಿದ. ಈ ಎಲೆ ಹಿಡಿದುಕೊಂಡು ಈ ಮನುಷ್ಯ ಮೊದಲು ಎಷ್ಟು ಕಟ್ಟಿದ್ದ? ಎರಡು ಸಣ್ಣ ಎಲೆ ಹಿಡಿದು ಎಲ್ಲದಕ್ಕೂ ಹೂಂ ಎನ್ನುತ್ತಾ ಕೊನೆಯವರೆಗೆ ಬಂದಿದ್ದರೆ ಹೊಸಬ. ಬಂದ ರೈಲಿಗೆಲ್ಲ ಹತ್ತುವ ಪೈಕಿ. ಒಳ್ಳೆಯ ಎಲೆಗೆ ದೊಡ್ಡದು, ಕೆಟ್ಟದ್ದಕ್ಕೆ ಚಿಕ್ಕದು ಕಟ್ಟುತ್ತಿದ್ದರೆ ಎಲೆಯನ್ನು ಬೆನ್ನಿಗೆ ಅಂಟಿಸಿಕೊಂಡು ಓಡಾಡುವವನು. ಎಲೆ ಯಾವುದಿದ್ದರೂ ಒಂದೇ ಅಳತೆಯಲ್ಲಿ ಕಟ್ಟಿ, ಬೇಡದ್ದನ್ನು ಬೇಜಾರಿಲ್ಲದೆ ಬಿಡುವವನಿದ್ದರೆ ಹುಷಾರು, ಅವನು ಆಟಗಾರ.

“ಅಕ್ಕ, ಈ ಕೊಕ್ಕರೆ ಚಿತ್ರದವನು ಪುಕ್ಕಲ. ಆಗಿನಿಂದ ಎಲೆ ಬಿಡ್ತಾನೇ ಇದಾನೆ.”

“ಎಷ್ಟು ಆಟ ನೋಡಿದೆ?”

“ಒಂಬತ್ತು.”

“ಒಂಬತ್ತು ಆಟಾನೂ ಕೆಟ್ಟ ಎಲೆ ಬಂದಿರಬಹುದಲ್ಲವೇನೋ. ಅನುಮಾನ ಪಡು, ಬೇಡ ಅನ್ನಲ್ಲ. ಪೆನ್ಸಿಲ್‌ನಲ್ಲಿ ಬರ್ಕೋ. ನೀನು ಕಲ್ಲಲ್ಲಿ ಕೆತ್ತಿಬಿಡ್ತೀಯ.”

ಹದ್ದು ಮೂಗು ಮುರಿದ. ಆದರೆ ಹತ್ತನೇ ಆಟದಲ್ಲಿ ಕೊಕ್ಕರೆ ಎದ್ದು ಬಂದು ಇಡೀ ಮೇಜಿನ ಬಿಲ್ಲೆ ಬಾಚಿಕೊಂಡಾಗ ಮುರಿದ ಮೂಗನ್ನು ಸದ್ದಿಲ್ಲದೆ ನೇರ ಮಾಡಿಕೊಂಡ.

ಭಾನುವಾರ ಬಂತು. ಊಟವಾದ ಮೇಲೆ ಹದ್ದು ಸ್ನಾನ ಮಾಡಿ, ಸಮವಸ್ತ್ರ ಹಾಕಿ, ಗುಂಡಿ ಹೊಳಪು ಮಾಡಿ ಕುರ್ಚಿಯಲ್ಲಿ ಕೂತ. ಅಕ್ಕ ಪಕ್ಕದಲ್ಲಿ ಬಟ್ಟೆ ಮಡಿಸುತ್ತಾ ಕೂತಳು. ಅವಳ ಮುಖ ಖಾಲಿ ಗೋಡೆಯಂತಿತ್ತು. ಹದ್ದಿನ ಹೊರತಾಗಿ ಮೇಜಿನಲ್ಲಿ ನಾಲ್ವರಿದ್ದರು: ಸಿಂಹರಾಜ, ಗುಲಾಬಿ, ಮೂರನೇ ಮಹಡಿ ಮತ್ತು ಇಸ್ತ್ರಿ ಪೆಟ್ಟಿಗೆ.

ಮೂರನೇ ಮಹಡಿ! ಹದ್ದಿನ ಕಣ್ಣು ಮಿಂಚಿತು. ಲಿಫ್ಟಿನವನು ಇನ್ನೆಲ್ಲಿಗೆ ಹೋಗುತ್ತಾನೆ? ಆದರೆ ತಕ್ಷಣ ತಡೆದುಕೊಂಡ. ಟಿಕೆಟ್ ಇಲ್ಲದವನು ಯಾವತ್ತಾದರೂ ಬಾಗಿಲಲ್ಲೇ ಕೂತಿರುತ್ತಾನೆಯೇ? ಹೆಸರು ನಂಬಿ ಕೆಡಬಾರದು. ಆಟ ನೋಡಬೇಕು.

ನೋಡಿದ. ಸಿಂಹರಾಜನನ್ನು ಓದಲು ಕಷ್ಟವಾಗಲಿಲ್ಲ. ಪ್ರತಿ ಆಟಕ್ಕೂ ಗರ್ಜಿಸುತ್ತಾ ಏರಿಸುತ್ತಿದ್ದ. ಒಮ್ಮೆ ಎಲೆ ತೋರಿಸಬೇಕಾಗಿ ಬಂದಾಗ ಎರಡೂ ಕಸ. ಸದ್ದಿಗೆ ಹೆದರುವವರು ಸಿಕ್ಕರೆ ಬದುಕುವ ಜಾತಿ. ಬೆನ್ನೆಲುಬಿಲ್ಲದ ಲಿಫ್ಟಿನವನಿಗೆ ಇಷ್ಟು ಗಂಟಲಿಲ್ಲ, ಪಟ್ಟಿಯಿಂದ ಹೊರಗೆ. ಮೂರನೇ ಮಹಡಿ ಒಳ್ಳೆಯ ಎಲೆಗೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಟ್ಟುತ್ತಿದ್ದ, ಕೆಟ್ಟದ್ದಕ್ಕೆ ಅನುಮಾನಿಸುತ್ತಾ ತಡಮಾಡುತ್ತಿದ್ದ. ಪಾಪದ ಪ್ರಾಣಿ. ಇಸ್ತ್ರಿ ಪೆಟ್ಟಿಗೆ ಎಲ್ಲಕ್ಕೂ ನಿಧಾನ. ಪಕ್ಕದಲ್ಲಿ ಒಲೆ ಮೇಲೆ ಏನೋ ಇಟ್ಟುಕೊಂಡು ಆಡುತ್ತಿರುವ ಯಾರೋ ಮನೆಯವರಿರಬೇಕು ಎಂದು ಹದ್ದು ಆ ಕಡೆ ಕಣ್ಣು ಹಾಯಿಸಿ ಬಿಟ್ಟ.

ಗುಲಾಬಿ ಮಾತ್ರ ಅವನ ಮನಸ್ಸು ತುಂಬಿತು. ಯಾರು ಏನು ಕಟ್ಟಿದರೂ ಗುಲಾಬಿ ಹೂಂ. ಏರಿಸುವುದಿಲ್ಲ, ಬಿಡುವುದಿಲ್ಲ, ತಲೆಯಾಡಿಸಿಕೊಂಡು ಹಿಂದೆ ಬರುತ್ತದೆ. ಸ್ವಂತದ್ದೊಂದು ಮಾತಿಲ್ಲ. ಕೇಳಿದ್ದಕ್ಕೆಲ್ಲ ಒಂದು ಚಮಚ ಎನ್ನುವ ಆಸಾಮಿ ಇದೇ ಎಂದು ಹದ್ದು ತೊಡೆ ತಟ್ಟಿದ. ಹೇಳಿಬಿಡಲು ಬಾಯಿ ತೆರೆದ.

ಆಗ ಪರದೆಯ ಮೇಲೆ ಸಿಂಹರಾಜ ತನ್ನ ಬಿಲ್ಲೆಯನ್ನೆಲ್ಲ ನಡುವೆ ನೂಕಿ ಗರ್ಜಿಸಿದ. ಎಲ್ಲರೂ ಎಲೆ ಬಿಟ್ಟರು, ಗುಲಾಬಿಯೂ ಹೆದರಿತು. ಉಳಿದದ್ದು ಇಸ್ತ್ರಿ ಪೆಟ್ಟಿಗೆ. ಅದು ತಡೆಯಿತು. ನಿಧಾನವಾಗಿ ಒಂದು ಉಸಿರಿನಷ್ಟು ಹೊತ್ತು. ನಂತರ ಸರಿಸಮ ಕಟ್ಟಿತು. ಎಲೆ ತೆರೆದರೆ ಎರಡು ಎಕ್ಕ. ಪೋಕರಿನಲ್ಲಿ ಅದಕ್ಕಿಂತ ಒಳ್ಳೆಯ ಆರಂಭವೇ ಇಲ್ಲ.

ಹದ್ದಿನ ಬಾಯಿ ತೆರೆದಂತೆಯೇ ಉಳಿಯಿತು. ಎರಡು ಎಕ್ಕ ಹಿಡಿದುಕೊಂಡವನು ಯೋಚಿಸುವುದೇನು? ಯಾರಾದರೂ ತಕ್ಷಣ ಹಾರಿಬೀಳುತ್ತಾರೆ. ಅಥವಾ ನಾಟಕಕ್ಕೆಂದು ತುಂಬ ಹೊತ್ತು ತಿಣುಕುತ್ತಾರೆ. ಇದು ಎರಡೂ ಅಲ್ಲ. ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಮುಂದಿನ ಆಟದಲ್ಲಿ ಇಸ್ತ್ರಿ ಪೆಟ್ಟಿಗೆ ಎಲೆ ಬಿಟ್ಟಿತು. ಬಿಡುವ ಮೊದಲು ಅದೇ ಉಸಿರು. ಅದರ ಮುಂದಿನದರಲ್ಲಿ ಒಂದೇ ಒಂದು ಬಿಲ್ಲೆ ಕಟ್ಟಬೇಕಿತ್ತು. ಅದಕ್ಕೂ ಅದೇ ಉಸಿರು. ಹದ್ದು ಸುಮ್ಮನೆ ಚುಚ್ಚಿ ನೋಡಲೆಂದು ತಾನೇ ಅರ್ಥವಿಲ್ಲದ ಒಂದು ಚಿಕ್ಕ ಏರಿಕೆ ಮಾಡಿದ. ಉಸಿರು. ನಂತರ ಶಾಂತವಾಗಿ ಇವನದರ ಮೂರರಷ್ಟು ಏರಿಸಿತು. ಹದ್ದು ಎಲೆ ಬಿಟ್ಟು ಕೈ ಒರೆಸಿಕೊಂಡ.

ಒಲೆ ಮೇಲೆ ಏನೂ ಇರಲಿಲ್ಲ. ಇದು ಮೇಜಿನ ನಿಜವಾದ ಆಟಗಾರ. ಗೆಲುವಿಗೂ ಸೋಲಿಗೂ ಕಸಕ್ಕೂ ಎಕ್ಕಕ್ಕೂ ಒಂದೇ ತಡ ಕೊಟ್ಟು, ತಡದಿಂದ ಯಾರೂ ಏನೂ ಕದಿಯದಂತೆ ಬೀಗ ಹಾಕಿಟ್ಟ ಮನುಷ್ಯ.

ಅಷ್ಟರಲ್ಲಿ ಅವನ ಕಿವಿಯಲ್ಲಿ ಒಂದು ದನಿ ಕೇಳಿತು: ಒಂದು ಚಮಚ.

ಆ ಮನುಷ್ಯ ಬಾಡಿಗೆ ಎನ್ನುವಾಗ ತಡೆದಿದ್ದ, ಸರಿ. ಆದರೆ ಸಕ್ಕರೆಗೂ ಅಷ್ಟೇ ತಡೆದಿದ್ದ. ಸಕ್ಕರೆಯ ವಿಷಯದಲ್ಲಿ ಯಾರು ಸುಳ್ಳು ಹೊಲಿಯುತ್ತಾರೆ? ಸುಳ್ಳು ಹೇಳುವವನು ತಡೆಯುವುದು ಕಷ್ಟದ ಪ್ರಶ್ನೆಗೆ ಮಾತ್ರ. ಸುಲಭದ್ದಕ್ಕೆ ಪಟಪಟ ಉತ್ತರ ಕೊಡುತ್ತಾನೆ. ಬೋಗಿಯಲ್ಲಿ ನೂರಾರು ಸಲ ಕಂಡಿದ್ದ ಸಂಗತಿ ಇದು. ಎಲ್ಲಕ್ಕೂ ಒಂದೇ ತಡ ಕೊಡುವವನು ಬಚ್ಚಿಡುತ್ತಿಲ್ಲ, ಎಲ್ಲವನ್ನೂ ಒಂದು ಸಲ ಎಳೆದು ನೋಡಿ ಭಾರ ಹಾಕುತ್ತಿದ್ದಾನೆ. ಜನರ ಜೀವ ಹಗ್ಗದ ಮೇಲೆ ತೂಗುವ ಕೆಲಸದವನು ಬೇರೆ ಹೇಗಿರುತ್ತಾನೆ?

ಹೀಗೆ ಒಂದೇ ಗಳಿಗೆಯಲ್ಲಿ ಹದ್ದಿಗೆ ಬೇಟೆಯೂ ಸಿಕ್ಕಿತು, ಬೇಟೆ ನಿರಪರಾಧಿ ಎಂಬುದೂ ಗೊತ್ತಾಯಿತು. ಒಂದಿಲ್ಲದೆ ಇನ್ನೊಂದು ಬರುವಂತಿರಲಿಲ್ಲ.

“ಕಡ್ಡಾಯ ಏರೋ ಹೊತ್ತಾಯ್ತು,” ಎಂದಳು ಅಕ್ಕ, ದಿಂಬಿನ ಚೀಲ ಮಡಿಸುತ್ತಾ. “ಹೇಳ್ತೀಯೋ, ಸಹಿ ಅಭ್ಯಾಸ ಮಾಡ್ತೀಯೋ?”

ಗುಲಾಬಿ ಎಂದುಬಿಡಬಹುದಿತ್ತು. ಹಾಗೆಂದು ಸೋತು, ಸಹಿ ಹಾಕಿ, ಎಲ್ಲರ ಹೊಟ್ಟೆ ತಣ್ಣಗಿಡಬಹುದಿತ್ತು. ಆದರೆ ಕೊಕ್ಕಿನಲ್ಲಿ ಸಿಕ್ಕಿದ್ದನ್ನು ಉಗುಳುವ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಜೊತೆಗೆ ದೀಪ ಹಾಕದ ಆ ಮನೆಯೂ ಒಂದು ಕ್ಷಣ ಕಣ್ಣ ಮುಂದೆ ಹಾದುಹೋಯಿತು.

“ಇಸ್ತ್ರಿ ಪೆಟ್ಟಿಗೆ,” ಎಂದ.

ದಿಂಬಿನ ಚೀಲ ಅಕ್ಕನ ಕೈಯಿಂದ ಜಾರಿತು. ಅವಳು ಬಗ್ಗಿ ಅದನ್ನು ಎತ್ತಿ ಮತ್ತೆ ಮಡಿಸಿದಳು. ನಂತರ ಕೇಳಿದಳು. “ಹೇಗೆ ಗೊತ್ತಾಯ್ತು?”

ಹೇಗೆ ಎಂದು ಹೇಳಿದರೆ ಗೆದ್ದದ್ದು ಕೈಬಿಟ್ಟುಹೋಗುತ್ತಿತ್ತು. “ಕಣ್ಣು,” ಎಂದ ಹದ್ದು, ಬೇರೆಲ್ಲೋ ನೋಡುತ್ತಾ. “ಹದ್ದಿನ ಕಣ್ಣು.”

“ಸರಿ,” ಎಂದಳು ಅಕ್ಕ. “ಒಂದು ವರ್ಷ.” ಎದ್ದು ಹೋಗಿ ಲಿಫ್ಟಿನವರಿಗೆ ಫೋನ್ ಮಾಡಿ ನಾಲ್ಕು ಮಾತಿನಲ್ಲಿ ಹೇಳಿ ಇಟ್ಟಳು.

ಜಗಳ ಮಾಡಿದ್ದರೆ ಹದ್ದು ತಡೆದುಕೊಳ್ಳುತ್ತಿದ್ದ. ಅಕ್ಕ ಜಗಳ ಮಾಡಲಿಲ್ಲ. ಅಡುಗೆ ಎಂದಿನಂತೆ, ಮಾತು ಎಂದಿನಂತೆ. ಸೀಟಿ ಮಾತ್ರ ಊದುತ್ತಿರಲಿಲ್ಲ. ಹದ್ದು ಬೇಕೆಂದೇ ಷೂ ಹಾಕಿಕೊಂಡು ಅಡುಗೆಮನೆಯವರೆಗೆ ನಡೆದು ನೋಡಿದ. “ಕೆಸರಿದೆ, ಹುಷಾರು,” ಎಂದಳು ಅಷ್ಟೇ. ಈಜುಕೊಳದ ಲಿಫ್ಟು ಭಾನುವಾರದಿಂದೀಚೆ ಒಂದು ಸಲವೂ ಕೆಡಲಿಲ್ಲವೆಂದು ಅವಳು ಊಟದ ನಡುವೆ ಹೇಳಿದಾಗ ಅವನು ಅರ್ಧಕ್ಕೇ ಎದ್ದು ಕೈತೊಳೆದ.

ಮೂರನೇ ದಿನಕ್ಕೆ ಅವನು ಶರಣಾದ. “ಅಕ್ಕ, ಆ ವರ್ಷ ಗಿರ್ಷ ಬೇಡ. ನೀನು ಮದುವೆ ಆಗಿಬಿಡು.”

“ಯಾಕೆ?”

“ಸುಮ್ಮನೆ. ಬಿಟ್ಟುಕೊಟ್ಟೆ ಅಂದ್ಕೋ.”

“ಭಿಕ್ಷೆ ಹಾಕ್ತಿದೀಯಾ?” ಅಕ್ಕನ ದನಿ ಏರಲಿಲ್ಲ. “ಪಂಥ ಕಟ್ಟಿದ್ದು ನಾನು, ಸೋತಿದ್ದು ನಾನು. ಈ ವಯಸ್ಸಲ್ಲಿ ತಮ್ಮನ ಹತ್ತಿರ ಮದುವೆ ಭಿಕ್ಷೆ ಬೇಡೋ ಗತಿ ನನಗಿನ್ನೂ ಬಂದಿಲ್ಲ. ಒಂದು ವರ್ಷ ಅಂದಮೇಲೆ ಒಂದು ವರ್ಷ.”

ಈಗ ಹದ್ದಿಗೆ ನಿಜವಾದ ಯುದ್ಧ ಶುರುವಾಯಿತು. ಗೆಲ್ಲಲು ಒಂದು ವಾರ ಒದ್ದಾಡಿದವನು, ಗೆದ್ದದ್ದನ್ನು ಕಳೆದುಕೊಳ್ಳಲು ಅದಕ್ಕಿಂತ ಹೆಚ್ಚು ಒದ್ದಾಡಬೇಕಾಯಿತು. ಎರಡು ರೈಲುಗಳ ತುಂಬ ಯೋಚಿಸಿದ. ಮೂರನೆಯ ರೈಲಿನಲ್ಲಿ ದಾರಿ ಹೊಳೆಯಿತು. ಅವನ ಇಲಾಖೆಯಲ್ಲಿ ಒಂದು ಪದ್ಧತಿಯಿತ್ತು. ಟಿಕೆಟ್ ಇದ್ದವನಿಗೆ ತಪ್ಪಿ ದಂಡ ಹಾಕಿದ್ದು ತಿಳಿದರೆ, ಹಾಕಿದ ಅಧಿಕಾರಿಯೇ ಪ್ರಯಾಣಿಕನ ಎದುರು ನಿಂತು, ಪಕ್ಕದವರಿಗೂ ಕೇಳುವಂತೆ ತಪ್ಪು ಹೇಳಿ ದಂಡ ರದ್ದು ಮಾಡಬೇಕು. ಅದು ದಾನವಲ್ಲ. ಪ್ರಯಾಣಿಕ ಅದಕ್ಕೆ ಥ್ಯಾಂಕ್ಸ್ ಕೂಡ ಹೇಳಬೇಕಿಲ್ಲ. ಹದ್ದು ಈ ಪದ್ಧತಿಯನ್ನು ಒಂದು ಸಲವೂ ಬಳಸಿರಲಿಲ್ಲ. ಬಳಸಬೇಕಾದ ಸಂದರ್ಭಗಳು ಬಂದಿರಲಿಲ್ಲವೆಂದಲ್ಲ.

ಲಿಫ್ಟಿನವರು ಆ ದಿನ ಒಂದು ಎತ್ತರದ ಕಚೇರಿ ಕಟ್ಟಡದ ತುದಿಯಲ್ಲಿ, ಯಂತ್ರದ ಕೋಣೆಯಲ್ಲಿದ್ದರು. ಅವರು ರಿಪೇರಿ ಮಾಡುತ್ತಿದ್ದುದರಿಂದಲೇ ಲಿಫ್ಟು ನಡೆಯುತ್ತಿರಲಿಲ್ಲ. ಹದ್ದು ಮೆಟ್ಟಿಲು ಹತ್ತಿದ. ಅರ್ಧ ದಾರಿಯಲ್ಲಿ ಟೋಪಿ ತೆಗೆದ, ಮುಕ್ಕಾಲರಲ್ಲಿ ಕೋಟು ತೆಗೆದ, ಮೇಲೆ ಮುಟ್ಟುವಾಗ ಮರ್ಯಾದೆಯೊಂದೇ ಮೈಮೇಲೆ ಉಳಿದಿತ್ತು. ಗ್ರೀಸಿನ ವಾಸನೆಯ ಆ ಕೋಣೆಯಲ್ಲಿ ಲಿಫ್ಟಿನವರು ದಪ್ಪ ಉಕ್ಕಿನ ಹಗ್ಗದ ಮೇಲೆ ಬಟ್ಟೆ ಸುತ್ತಿದ ಬೆರಳಾಡಿಸುತ್ತಾ ಮೇಲೆ ನೋಡುತ್ತಿದ್ದರು.

“ನಿಮ್ಮನ್ನ ಒಂದು ಕಡೆ ಕರ್ಕೊಂಡು ಹೋಗಬೇಕು,” ಎಂದ ಹದ್ದು ಏದುಸಿರು ಬಿಡುತ್ತಾ.

ಉಸಿರು. “ಎಲ್ಲಿಗೆ?”

“ಈಜುಕೊಳಕ್ಕೆ.”

ಉಸಿರು. “ಅವರು ಒಂದು ವರ್ಷ ಅಂತ ಮಾತು ಕೊಟ್ಟಿದಾರೆ. ನಾನು ಅದನ್ನ ಮುರಿಸೋಕೆ ಬರಲ್ಲ.”

“ಮುರಿಸೋದು ನೀವಲ್ಲ, ನಾನು. ನೀವು ಸುಮ್ಮನೆ ನಿಂತಿದ್ದರೆ ಸಾಕು. ಪ್ರಯಾಣಿಕ ಇಲ್ಲದೆ ದಂಡ ರದ್ದು ಮಾಡೋಕೆ ಬರಲ್ಲ ರೀ.”

ಲಿಫ್ಟಿನವರಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಆದರೂ ಈ ಸಲದ ಉಸಿರಿನ ಕೊನೆಗೆ ಸಣ್ಣ ನಗೆ ಇತ್ತು. “ಈ ಹಗ್ಗ ನೋಡಿ ಮುಗಿಸಿ ಬರ್ತೀನಿ. ಕೂತ್ಕೊಳ್ಳಿ. ಆ ಡಬ್ಬದ ಮೇಲೆ ಬೇಡ, ಅದು ಅಲ್ಲಾಡತ್ತೆ.”

ಈಜುಕೊಳದಲ್ಲಿ ಸಂಜೆಯ ತರಗತಿ ನಡೆಯುತ್ತಿತ್ತು. ಮಕ್ಕಳು ಕಪ್ಪೆಗಳಂತೆ ಅತ್ತಿಂದಿತ್ತ ಹಾರುತ್ತಿದ್ದರು, ತಾಯಂದಿರು ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿದ್ದರು. ಅಲ್ಲಿಗೆ ಪೂರ್ತಿ ಸಮವಸ್ತ್ರ, ಟೋಪಿ, ಬರಿಗಾಲಿನಲ್ಲಿ ಹದ್ದು ಬಂದ. ಹಿಂದೆ ಲಿಫ್ಟಿನವರು, ಛಾವಣಿಯ ಕಬ್ಬಿಣದ ತೊಲೆಗಳನ್ನು ಪರೀಕ್ಷಿಸುತ್ತಾ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಹದ್ದು ಗಂಟಲು ಸರಿ ಮಾಡಿಕೊಂಡು ಬೋಗಿಯ ದನಿ ತೆಗೆದ. “ಎಲ್ಲರೂ ಕೇಳಿ! ಈ ಪ್ರಯಾಣಿಕರ ಹತ್ತಿರ ಟಿಕೆಟ್ ಇಲ್ಲ ಅಂತ ನಾನು ಹೇಳಿದ್ದೆ. ಒಂದು ವರ್ಷ ದಂಡಾನೂ ಹಾಕಿಸಿದ್ದೆ. ತಪ್ಪು ನನ್ನದು. ಟಿಕೆಟ್ ಇತ್ತು. ದಂಡ ರದ್ದು.”

ಮಕ್ಕಳು ಈಜು ನಿಲ್ಲಿಸಿ ಗೋಡೆ ಹಿಡಿದು ನೋಡತೊಡಗಿದರು.

“ಏನೋ ಇದು ವೇಷ?” ಅಕ್ಕ ಹಲ್ಲು ಕಚ್ಚಿ ಕೇಳಿದಳು. “ಭಿಕ್ಷೆ ಬೇಡ ಅಂದೆ ತಾನೇ?”

“ಭಿಕ್ಷೆ ಅಲ್ಲ, ಪದ್ಧತಿ. ಹೇಗೆ ಕಂಡುಹಿಡಿದೆ ಅಂತ ಕೇಳಿದ್ದೆಯಲ್ಲ, ಕೇಳು. ಎರಡು ಎಕ್ಕ ಇದ್ದಾಗಲೂ ಅಷ್ಟೇ ತಡ, ಒಂದು ಬಿಲ್ಲೆಗೂ ಅಷ್ಟೇ ತಡ, ಸಕ್ಕರೆಗೂ ಅಷ್ಟೇ ತಡ. ಸುಳ್ಳರು ಹಾಗಿರಲ್ಲ ಅಕ್ಕ. ಅದು ಗೊತ್ತಾಗಿದ್ದಕ್ಕೇ ಅವರು ಸಿಕ್ಕಿದ್ದು. ನಾನು ಮೊದಲು ಬರೆದಿಟ್ಟಿದ್ದ ಮನುಷ್ಯನನ್ನೇ ಹುಡುಕಿದ್ದಿದ್ದರೆ ಗುಲಾಬಿ ಅಂತ ಹೇಳಿ ಸೋತಿರ್ತಿದ್ದೆ.”

ಅಕ್ಕ ಕಣ್ಣು ಕಿರಿದು ಮಾಡಿದಳು. “ಅಂದರೆ ಗೆದ್ದಾಗಲೇ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಹೇಳದೆ ಕಿಸೆಯಲ್ಲಿಟ್ಟುಕೊಂಡೆ.”

“ಇಟ್ಟುಕೊಂಡೆ.”

“ಇಷ್ಟು ದಿನ ನನ್ನ ಕೈಯಡುಗೆ ತಿಂದುಕೊಂಡು.”

ಹದ್ದು ಛಾವಣಿ ನೋಡಿದ.

ಅಕ್ಕ ಸೀಟಿ ಬಾಯಿಗಿಟ್ಟು ಊದಿದಳು. ಹೊರಗಿನ ರಸ್ತೆಯಲ್ಲಿ ಒಂದು ಬಸ್ಸು ನಿಂತಿತೆಂದು ನಂತರ ಯಾರೋ ಹೇಳಿದರು. ಅಭ್ಯಾಸಬಲದಿಂದ ಮಕ್ಕಳೆಲ್ಲ ನೀರಿನಿಂದ ಮೇಲೆ ಬಂದು ಸಾಲಾಗಿ ನಿಂತರು. ಹದ್ದೂ ಸಾಲಿನ ಕೊನೆಗೆ ಹೋಗಿ ನಿಂತ.

“ರೀ,” ಎಂದಳು ಅವಳು ಲಿಫ್ಟಿನವರಿಗೆ, “ಸೋತೋರ ಮಾತು ನಾನು ಉಳಿಸ್ಕೊಂಡೆ. ಗೆದ್ದೋರೇ ಮೋಸ ಮಾಡಿದೆ ಅಂತಿದಾರೆ. ಈಗ ಪಂಥ ನಿಲ್ಲುತ್ತಾ?”

ಲಿಫ್ಟಿನವರು ತಡೆದರು. ಬೆಂಚಿನ ಮೇಲಿನ ತಾಯಂದಿರೂ ಉಸಿರು ಹಿಡಿದರು.

“ನಿಲ್ಲಲ್ಲ ಅನ್ಸತ್ತೆ,” ಎಂದರು ಅವರು.

“ಹಾಗಾದರೆ ಮುಂದಿನ ವಾರ, ಕೊಳದ ನೀರು ಬದಲಾಯಿಸೋ ದಿನ. ನನಗೆ ರಜಾ ಇರತ್ತೆ.” ಅಕ್ಕ ತಮ್ಮನ ಕಡೆ ತಿರುಗಿದಳು. “ಮದುವೆ ಆದಮೇಲೆ ನಾನು ಅವರ ಮನೇಲಿರ್ತೀನಿ. ನಿನ್ನ ಅಡುಗೆ ನೀನೇ ಮಾಡ್ಕೋಬೇಕು. ಭಾನುವಾರ ಮಾತ್ರ ಊಟಕ್ಕೆ ಬಾ.”

“ಬರ್ತೀನಿ.”

“ಸಾಕ್ಷಿ ಸಹಿಗೆ ಬೆಳಿಗ್ಗೇನೇ ಬರಬೇಕು. ರೈಲು ಇದೆ, ಡ್ಯೂಟಿ ಇದೆ ಅಂತ ಕುಂಟುನೆಪ ಹೇಳಬೇಡ. ಇವತ್ತೇ ಹೋಗಿ ರಜೆ ಹಾಕು.”

“ಹಾಕಿ ಆಯ್ತು,” ಎಂದ ಹದ್ದು.

“ದಿನ ಯಾವುದು ಅಂತ ನಾನು ಹೇಳಿದ್ದೇ ಈಗ ಅಲ್ವೇನೋ?”

“ಅದು ಗೊತ್ತಿರಲಿಲ್ಲ. ಅದಕ್ಕೆ ಇಡೀ ತಿಂಗಳಿಗೆ ಹಾಕಿದೀನಿ.”